ದೊಡ್ಡ ಅಂಗಡಿಯ ಮಿಷನು ಕಳಪೆಯೇ?

“ಆ ಅಂಗಡಿಯಲ್ಲಿ ತಗೊಳ್ಳುದು ಬೇಡ ಮಾವ. ಹೊರಗಿಂದ ನೋಡ್ಲಿಕ್ಕೆ ಒಂದೇ, ಒಳಗಿನ ಮಾಲು ಬೇರೆ ಅಂತೆ.”

2019ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೇರಿಕಕ್ಕೆ ಹೋಗಿದ್ದಾಗ ಅಳಿಯ ಹೇಳಿದ ಮಾತು ಇದು. ಅವರಿಗೆ ಹೇಳಿದ್ದು ಪಕ್ಕದ ಮನೆಯವ, ಮರಗೆಲಸದ ಕಸುಬಿನವ. ನನಗೆ ಒಂದು ಒಳ್ಳೆಯ ಡ್ರಿಲ್ ಬೇಕಿತ್ತು. ಊರಿಗೆ ಬಂದು ನೋಡಿದರೆ ನಮ್ಮಲ್ಲೂ ಅದೇ ಮಾತು. ಡೀಲರ್ ಹತ್ತಿರ ಇರುವುದು ಒರಿಜಿನಲ್, ಮಂಗಳೂರಿನ ದೊಡ್ಡ ಮಳಿಗೆಯದ್ದು, ಆನ್‌ಲೈನಿನದ್ದು ಲಗಾಡಿ ಮಾಲು. ಹೇಳುವವರು ಹತ್ತು ಜನ, ಬಿಚ್ಚಿ ನೋಡಿದವರು ಒಬ್ಬರೂ ಇಲ್ಲ.

ಹಣ ಕೊಡುವವರು ನಾವು. ಮಿಷನು ಕೈಕೊಟ್ಟರೆ ತೋಟದ ಕೆಲಸ ನಿಲ್ಲುವುದೂ ನಮ್ಮದೇ. ಹಾಗಾಗಿ ಈ ಮಾತಿನಲ್ಲಿ ಹುರುಳೆಷ್ಟು ಎಂದು ನಾನು ಕಂಡದ್ದನ್ನು, ನಮ್ಮ ವೈಂಡಿಂಗ್ ಅಂಗಡಿಯವನ ಜತೆ ಕುಳಿತು ಬಿಚ್ಚಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿನ ಅಂಗಡಿ ಎಂದರೆ

ಅಮೇರಿಕದಲ್ಲಿ ಮನೆ ಕಟ್ಟುವ, ರಿಪೇರಿಯ ಸಾಮಾನು ಮಾರುವ ದೊಡ್ಡ ಅಂಗಡಿಗಳು ಮುಖ್ಯವಾಗಿ ಎರಡು. ಒಂದು ಹೋಂ ಡಿಪೋ. 1978ರಲ್ಲಿ ಹುಟ್ಟಿದ ಕಂಪೆನಿ. ಮೊದಲ ಅಂಗಡಿ ತೆರೆದದ್ದು 1979ರಲ್ಲಿ, ಅಟ್ಲಾಂಟಾದಲ್ಲಿ. ಈಗ 2,300ಕ್ಕೂ ಹೆಚ್ಚು ಅಂಗಡಿಗಳಿವೆ. ಇನ್ನೊಂದು ಲೋವ್ಸ್. ಅದು 1921ರಲ್ಲಿ ನಾರ್ತ್ ಕೆರೊಲಿನಾದ ಒಂದು ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಾಗಿ ಶುರುವಾದದ್ದು.

ಇಂಥ ಒಂದೊಂದು ಅಂಗಡಿ ಸಾಧಾರಣ ಒಂದು ಲಕ್ಷ ಚದರಡಿ. ನಮ್ಮ ಲೆಕ್ಕದಲ್ಲಿ ಎರಡೂಕಾಲು ಎಕ್ರೆ, ಪೂರ್ತಿ ಮಾಡಿನಡಿ! ಡ್ರಿಲ್ಲು, ಗರಗಸ, ಗ್ರೈಂಡರುಗಳದ್ದೇ ಒಂದು ಸಾಲು. ನಾನು ಹೋದ ದಿನ ಅತಿ ಕಡಿಮೆಯ ಡ್ರಿಲ್ಲಿಗೆ 60 ಡಾಲರಿನೊಳಗೆ, ಮೇಲಿನದ್ದಕ್ಕೆ 200 ಡಾಲರಿನ ಮೇಲೆ ಇತ್ತು. ವಿವರಿಸುವ ಜನ ಕಡಿಮೆ. ತೆಗೆದುಕೋ, ಗಾಡಿಗೆ ಹಾಕು, ಹಣ ಕೊಡು, ಹೋಗು.

ಇಷ್ಟು ಅಂಗಡಿ ಇಟ್ಟುಕೊಂಡವರು ಕಂಪೆನಿಯ ಹತ್ತಿರ ದರ ಜಗ್ಗದೆ ಬಿಡುತ್ತಾರೆಯೇ? ಜಗ್ಗುತ್ತಾರೆ. ‘ಕಳಪೆ’ ಎಂಬ ಮಾತು ಹುಟ್ಟಿದ್ದೇ ಇಲ್ಲಿಂದ. ದರ ಇಳಿಸಿದ ಕಂಪೆನಿ ಎಲ್ಲಿಯೋ ಉಳಿಸಬೇಕಲ್ಲ, ಲೋಹದ ಹಲ್ಲುಚಕ್ರದ ಜಾಗದಲ್ಲಿ ಪ್ಲಾಸ್ಟಿಕ್ ಹಾಕಿ, ಅದೇ ಹೆಸರು, ಅದೇ ಮಾಡೆಲ್ ನಂಬರ್ ಅಂಟಿಸಿ ಕಳಿಸುತ್ತದೆ ಎಂಬುದು ಜನರ ಊಹೆ.

ನಂಬರ್ ಒಂದೇ ಆದರೆ ಮಿಷನು ಒಂದೇ

ಈ ಊಹೆ ನಿಲ್ಲುವುದಿಲ್ಲ. ಕಾರಣ ಸುಲಭ. ಒಂದೇ ನಂಬರಿನ ಡ್ರಿಲ್ಲನ್ನು ಎರಡು ಬಗೆಯಲ್ಲಿ ಮಾಡಬೇಕಾದರೆ ಕಂಪೆನಿ ಎರಡು ಬಗೆಯ ಬಿಡಿಭಾಗ ದಾಸ್ತಾನು ಇಡಬೇಕು. ನಾಳೆ ರಿಪೇರಿಗೆ ಬಂದಾಗ ಇದು ಯಾವ ಅಂಗಡಿಯದ್ದೆಂದು ಗುರುತು ಹಿಡಿಯಬೇಕು. ಗ್ಯಾರಂಟಿ ಅವಧಿಯಲ್ಲಿ ಕೆಟ್ಟರೆ ಬದಲಿ ಕೊಡುವ ಖರ್ಚು ತಿರುಗಿ ಅವರ ತಲೆಗೇ. ಉಳಿಸಿದ್ದಕ್ಕಿಂತ ಗೋಜಲೇ ಹೆಚ್ಚಾಗುತ್ತದೆ.

ಇದನ್ನು ನಾವೇ ಪರೀಕ್ಷಿಸಬಹುದು. ಹೆಸರುವಾಸಿ ಕಂಪೆನಿಗಳು ಪ್ರತಿ ಮಾಡೆಲ್ಲಿಗೂ ಬಿಡಿಭಾಗದ ಚಿತ್ರಪಟ್ಟಿ ಕೊಡುತ್ತವೆ. ಮಿಷನನ್ನು ಬಿಚ್ಚಿ ಹರಡಿದಂತೆ ಚಿತ್ರ ಇರುತ್ತದೆ. ಒಂದೊಂದು ಭಾಗಕ್ಕೂ ಒಂದೊಂದು ನಂಬರ್. ಮೈಮೇಲಿನ ತಗಡಿನಲ್ಲಿ ಮಾಡೆಲ್ ನಂಬರಿನ ಜತೆ ಕೆಲವದರಲ್ಲಿ ‘ಟೈಪ್ 1, ಟೈಪ್ 2’ ಎಂದೂ ಇರುತ್ತದೆ. ಒಳಗೆ ಏನಾದರೂ ಬದಲಾಯಿಸಿದಾಗ ಕಂಪೆನಿ ಈ ಟೈಪ್ ಬದಲಿಸುತ್ತದೆ. ಮಾಡೆಲ್ಲೂ ಟೈಪೂ ಒಂದೇ ಆದರೆ ಯಾವ ಅಂಗಡಿಯಿಂದ ತಂದರೂ ಒಳಗಿನ ಸಾಮಾನು ಒಂದೇ.

ಕೃಷಿಕರಿಗೆ ಪರಿಚಯದ ಹೆಸರಿನಿಂದಲೇ ಒಂದು ಉದಾಹರಣೆ. ಜಾನ್ ಡೀರ್ ಟ್ರಾಕ್ಟರ್ ನಮ್ಮವರಿಗೂ ಗೊತ್ತು. ಅಮೇರಿಕದಲ್ಲಿ ಅವರ ಟ್ರಾಕ್ಟರುಗಳು ಡೀಲರರ ಮೂಲಕ ಮಾತ್ರ ಸಿಗುತ್ತಿದ್ದವು. 2003ರ ಸುಮಾರಿಗೆ ಅಂಗಳದ ಹುಲ್ಲು ಕತ್ತರಿಸುವ ಸಣ್ಣ ಟ್ರಾಕ್ಟರನ್ನು ಅವರು ಹೋಂ ಡಿಪೋದಲ್ಲೂ ಮಾರತೊಡಗಿದರು. ‘ಅಂಗಡಿಯ ಡೀರ್ ಬೇರೆ, ಡೀಲರನ ಡೀರ್ ಬೇರೆ’ ಎಂದು ಜನ ಮಾತಾಡಿಕೊಂಡರು. ವಿಷಯ ಹಾಗಿರಲಿಲ್ಲ. ಅಂಗಡಿಯಲ್ಲಿದ್ದದ್ದು ಕಂಪೆನಿಯ ಎಲ್ಲಕ್ಕಿಂತ ಕಡಿಮೆ ದರದ ಸಾಲು. ಅದೇ ಸಾಲು ಡೀಲರರಲ್ಲೂ ಇತ್ತು. ಅದಕ್ಕಿಂತ ಮೇಲಿನ ದರ್ಜೆಯವು ಮಾತ್ರ ಡೀಲರರಲ್ಲಿ ಬೇರೆಯಾಗಿ ಇದ್ದವು. ಜನ ಅಂಗಡಿಯ ಕೆಳದರ್ಜೆಯನ್ನು ಡೀಲರನ ಮೇಲ್ದರ್ಜೆಗೆ ಹೋಲಿಸಿ ಅಂಗಡಿಯನ್ನು ಬೈದರು. ನೆಲ್ಲಿಕಾಯಿ ತಂದು ಮಾವಿನಷ್ಟು ಸಿಹಿ ಇಲ್ಲ ಎಂದ ಹಾಗಾಯಿತು!

ಹಾಗಾದರೆ ಮಾತೆಲ್ಲ ಸುಳ್ಳೇ?

ಪೂರ್ತಿ ಸುಳ್ಳೂ ಅಲ್ಲ. ಒಂದೇ ಕಂಪೆನಿ ಎರಡು ಮೂರು ದರ್ಜೆಯ ಮಿಷನು ಮಾಡುತ್ತದೆ. ವಾರಕ್ಕೊಮ್ಮೆ ಗೋಡೆಗೆ ಮೊಳೆ ಹೊಡೆಯುವವನಿಗೆ ಒಂದು, ದಿನವಿಡೀ ದುಡಿಸುವ ಕಸುಬಿನವನಿಗೆ ಇನ್ನೊಂದು. ದೊಡ್ಡ ಅಂಗಡಿಗೆ ಬರುವವರಲ್ಲಿ ಮೊದಲ ಜಾತಿಯವರೇ ಹೆಚ್ಚು. ಅದಕ್ಕಾಗಿ ಕಣ್ಣಿಗೆ ಬೀಳುವ ಕಡೆ ಕಡಿಮೆ ದರದ್ದನ್ನು ರಾಶಿ ಹಾಕುತ್ತಾರೆ.

ಹಾಂಗ್‌ಕಾಂಗಿನಲ್ಲಿ 1985ರಲ್ಲಿ ಶುರುವಾದ ಟೆಕ್‌ಟ್ರಾನಿಕ್ ಎಂಬ ಕಂಪೆನಿ ಇದೆ. ಹೋಂ ಡಿಪೋದಲ್ಲಿ ತಿಳಿಹಸುರು ಬಣ್ಣದಲ್ಲಿ ‘ರ್ಯೋಬಿ’ ಎಂದು ಸಿಗುವ ಮನೆಬಳಕೆಯ ಮಿಷನುಗಳು ಇವರದ್ದು. ಅದೇ ಅಂಗಡಿಯಲ್ಲಿ ಕೆಂಪು ಬಣ್ಣದ ‘ಮಿಲ್ವಾಕೀ’ ಇದೆ. ಕಸುಬುದಾರರು ನೆಚ್ಚುವ ಹಳೆಯ ಹೆಸರು. 2005ರಿಂದ ಅದೂ ಇವರದ್ದೇ. ಒಂದೇ ಒಡೆತನ, ಒಂದೇ ಅಂಗಡಿ, ಎರಡು ದರ್ಜೆ. ಹಾಗಿರುವಾಗ ಅಂಗಡಿಯ ಹೆಸರಿನಿಂದ ಗುಣಮಟ್ಟ ಹೇಳಲು ಹೇಗೆ ಸಾಧ್ಯ?

ಬ್ಲಾಕ್ ಅಂಡ್ ಡೆಕರ್ ಕಂಪೆನಿಯದ್ದೂ ಇಂಥದೇ ಕತೆ. ಅಡುಗೆಮನೆಯ ಟೋಸ್ಟರಿನಲ್ಲೂ ಡ್ರಿಲ್ಲಿನಲ್ಲೂ ಅದೇ ಹೆಸರು ಕಂಡ ಕಸುಬಿನವರು ಇದು ಮನೆಯವರ ಆಟಿಕೆ ಎಂದು ದೂರ ಇಟ್ಟರು. 1992ರಲ್ಲಿ ಕಂಪೆನಿ ತನ್ನಲ್ಲಿದ್ದ ‘ಡೀವಾಲ್ಟ್’ ಎಂಬ ಹಳೆಯ ಹೆಸರನ್ನು ಮುಂದೆ ತಂದು, ಹಳದಿ ಬಣ್ಣ ಬಳಿದು, ಕಸುಬುದಾರರಿಗೆಂದೇ ಬೇರೆ ಸಾಲು ಮಾಡಿತು. ಕಸುಬುದಾರರು ಕೊಂಡರು. ಇವತ್ತು ಅದು ಹೋಂ ಡಿಪೋ, ಲೋವ್ಸ್ ಎರಡರಲ್ಲೂ ಇದೆ. ಜಪಾನಿನ ಮಕಿಟಾ, ಎಕೋ ಕೂಡ ಹೋಂ ಡಿಪೋದಲ್ಲಿ ಸಿಗುತ್ತವೆ.

ಇನ್ನೊಂದು ಉಪಾಯವೂ ಉಂಟು. ಒಂದು ಅಂಗಡಿಗೆಂದೇ ಬೇರೆ ನಂಬರ್ ಕೊಟ್ಟು, ಒಂದೆರಡು ಅನುಕೂಲ ಕಡಿಮೆ ಮಾಡಿ, ಅದಕ್ಕೆ ತಕ್ಕ ದರ ಇಡುವುದು. ಡ್ರಿಲ್ಲಿನ ಜತೆ ಸಣ್ಣ ಬ್ಯಾಟರಿ, ನಿಧಾನ ಚಾರ್ಜರ್. ನಂಬರಿನ ಕೊನೆಯ ಒಂದಕ್ಷರ ಬೇರೆ ಇರುತ್ತದೆ. ಇದನ್ನು ಮೋಸ ಎನ್ನಲಾಗದು, ಆದರೆ ನಂಬರ್ ಓದದೆ ದರ ಮಾತ್ರ ಹೋಲಿಸುವವ ಮೋಸ ಹೋಗುತ್ತಾನೆ.

ದರ್ಜೆಯ ವ್ಯತ್ಯಾಸ ಒಳಗೆ ಎಲ್ಲಿ?

ನನ್ನಲ್ಲಿ 2014ರಲ್ಲಿ 1,900 ರೂಪಾಯಿಗೆ ಕೊಂಡ ಒಂದು ಡ್ರಿಲ್ ಇದೆ. ಅಮೇರಿಕದಿಂದ ತಂದ ಡ್ರಿಲ್ ಕೂಡ ಇದೆ. ಎರಡನ್ನೂ ನಮ್ಮ ವೈಂಡಿಂಗ್ ಅಂಗಡಿಯವ ಒಂದು ಸಂಜೆ ಪೇಪರ್ ಹಾಸಿ ಬಿಚ್ಚಿ ತೋರಿಸಿದ.

ಮೊದಲು ಕಾಣುವುದು ಆರ್ಮೇಚರಿನ ಎರಡು ತುದಿ. ಕಡಿಮೆಯದ್ದರಲ್ಲಿ ಒಂದು ತುದಿ ಕಂಚಿನ ಬುಶ್ಶಿನಲ್ಲಿ ತಿರುಗುತ್ತದೆ. ಮೇಲಿನದ್ದರಲ್ಲಿ ಎರಡೂ ಕಡೆ ಬಾಲ್ ಬೇರಿಂಗ್. ಬುಶ್ ಸವೆದರೆ ಆರ್ಮೇಚರ್ ಒಲೆಯುತ್ತದೆ, ಕಾಯಿಲಿಗೆ ಉಜ್ಜುತ್ತದೆ, ಮತ್ತೆ ಸುಡಲು ಹೆಚ್ಚು ದಿನ ಬೇಡ. ಎರಡನೆಯದ್ದು ಹಲ್ಲುಚಕ್ರದ ಪೆಟ್ಟಿಗೆ. ಒಂದರಲ್ಲಿ ಪ್ಲಾಸ್ಟಿಕ್ಕಿನದ್ದು, ಇನ್ನೊಂದರಲ್ಲಿ ಅಲ್ಯುಮಿನಿಯಂ. ಬಿಸಿಯಾದಾಗ ಪ್ಲಾಸ್ಟಿಕ್ ಪೆಟ್ಟಿಗೆ ತುಸು ಬಗ್ಗುತ್ತದೆ, ಹಲ್ಲು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಮೂರನೆಯದ್ದು ಕಾರ್ಬನ್. ಮೇಲಿನದ್ದರಲ್ಲಿ ಹೊರಗಿನ ಮುಚ್ಚಳ ತಿರುಗಿಸಿದರೆ ಕಾರ್ಬನ್ ಕೈಗೆ ಬರುತ್ತದೆ. ಕಡಿಮೆಯದ್ದರಲ್ಲಿ ಇಡೀ ಮಿಷನು ಬಿಚ್ಚಬೇಕು. ವಯರು, ಸ್ವಿಚ್ಚು, ಚಕ್ಕಿನ ಬಿಗಿ ಇವೆಲ್ಲ ಆಮೇಲಿನದ್ದು.

ಹಾಗೆಂದು ನನ್ನ 1,900ರ ಡ್ರಿಲ್ ಇವತ್ತಿಗೂ ಓಡುತ್ತದೆ! ವರ್ಷಕ್ಕೆ ಹತ್ತು ಗಂಟೆ ಕೆಲಸ ಮಾಡಿದರೆ ಹೆಚ್ಚು. ಗೇಟಿನ ಬಿಜಾಗರಿ, ಪೈಪಿನ ಕ್ಲ್ಯಾಂಪು, ಹಟ್ಟಿಯ ತಗಡು, ಇಷ್ಟೇ. “ಇದನ್ನು ಫ್ಯಾಬ್ರಿಕೇಶನ್‌ನವರಿಗೆ ಕೊಟ್ರೆ ಒಂದು ತಿಂಗಳೂ ಬಾಳ್ಲಿಕ್ಕಿಲ್ಲ ಅಣ್ಣಾ. ನಿಮ್ಗೆ ಬೇಕಾದಷ್ಟಾಯ್ತು” ಎಂದ ಅವ. ಮಿಷನು ಕಳಪೆಯೋ ಅಲ್ಲವೋ ಎಂಬುದು ನಾವು ಅದನ್ನು ಎಷ್ಟು ಗಂಟೆ ದುಡಿಸುತ್ತೇವೆ ಎಂಬುದರ ಮೇಲೆ ಹೋಗುತ್ತದೆ.

ಚೀಟಿಯ ಮೇಲಿನ ಅಂಕಿಗಳು

ದೊಡ್ಡ ಅಂಗಡಿಯಲ್ಲಿ ನಮಗೆ ವಿವರಿಸುವವರು ಇಲ್ಲ. ಡಬ್ಬಿಯ ಮೇಲಿನ ಅಂಕಿಯೇ ಮಾರಾಟಗಾರ. ಇದರಲ್ಲಿ ಎಚ್ಚರ ಬೇಕು.

ಅಮೇರಿಕದ ಮನೆಗಳಲ್ಲಿ ಕರೆಂಟು 120 ವೋಲ್ಟ್. ಸಾಮಾನ್ಯ ಪ್ಲಗ್ಗಿನಿಂದ 15 ಆಂಪಿಯರ್ ಎಳೆಯಬಹುದು. ಗುಣಿಸಿದರೆ 1,800 ವಾಟ್. ಒಂದು ಎಚ್‌ಪಿಗೆ 746 ವಾಟ್. ಅಂದರೆ ಆ ಪ್ಲಗ್ಗಿನಿಂದ ಎರಡೂವರೆ ಎಚ್‌ಪಿ ಕೂಡ ಸಿಗಲಾರದು. ಆದರೆ ಕಸ ಎಳೆಯುವ ವ್ಯಾಕ್ಯೂಮಿನ ಮೇಲೆ 5, 6 ‘ಪೀಕ್ ಎಚ್‌ಪಿ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ! ‘ಪೀಕ್’ ಎಂಬ ಶಬ್ದ ಕಂಡಲ್ಲಿ ಆ ಅಂಕಿ ಬಿಟ್ಟು ತಗಡಿನ ಮೇಲಿನ ಆಂಪಿಯರ್ ನೋಡಬೇಕು.

ಬ್ಯಾಟರಿಯದ್ದು ಇನ್ನೊಂದು ತಮಾಷೆ. ಲಿಥಿಯಂ ಸೆಲ್ ಒಂದಕ್ಕೆ ಸಾಧಾರಣ 3.6 ವೋಲ್ಟ್. ಐದು ಸೆಲ್ ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಮಾಡಿದ ಕೂಡಲೇ ಸೆಲ್ಲಿಗೆ 4 ವೋಲ್ಟಿನಷ್ಟು, ಒಟ್ಟು 20. ಡೀವಾಲ್ಟಿನವರು ಒಂದೇ ಬ್ಯಾಟರಿಯನ್ನು ಯುರೋಪಿನಲ್ಲಿ 18 ವೋಲ್ಟ್ ಎಂದೂ ಅಮೇರಿಕದಲ್ಲಿ ‘20 ವೋಲ್ಟ್ ಮ್ಯಾಕ್ಸ್’ ಎಂದೂ ಮಾರುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಆನ್‌ಲೈನಿನಲ್ಲಿ ಹೆಸರೇ ಕೇಳದ ಮಿಷನಿನ ಮೇಲೆ 48, 88 ಎಂದೆಲ್ಲ ಇದ್ದು, ಒಳಗೆ ಅದೇ ಐದು ಸೆಲ್ ಇರುವುದುಂಟು. ಅದು ಸುಳ್ಳೇ. ಐದು ಸೆಲ್ಲಿನಿಂದ ಯಾರೂ 48 ವೋಲ್ಟ್ ತೆಗೆಯಲಾರರು.

ತಂದ ಡ್ರಿಲ್ ಹೊಗೆಯಾದದ್ದು

ಅಮೇರಿಕದಿಂದ ಸಾಮಾನು ತರುವ ಮಕ್ಕಳು ನಮ್ಮ ಊರುಗಳಲ್ಲಿ ಬಹಳ ಜನ ಇದ್ದಾರೆ. ಹಾಗಾಗಿ ನನ್ನ ಪೆದ್ದುತನವನ್ನೂ ಬರೆಯಬೇಕು.

ಅಳಿಯನ ಮಾತು ಕೇಳದೆ ಆ ಅಂಗಡಿಯಿಂದಲೇ ವಯರಿನ ಡ್ರಿಲ್ ಒಂದನ್ನು ತಂದೆ. ಮಧ್ಯಮ ದರ್ಜೆಯದ್ದು. “ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕ್ಬೇಡಿ” ಎಂದು ಮಗಳು ಮೂರು ಸಲ ಹೇಳಿದ್ದಳು. ಹಟ್ಟಿಯ ಮಾಡಿನ ಕೆಲಸದ ದಿನ, ಪ್ಲಗ್ಗಿನ ಕಾಲಿಗೆ ಅಡಾಪ್ಟರ್ ಸಿಕ್ಕಿಸಿ ಸೀದಾ ನಮ್ಮ ಕರೆಂಟಿಗೆ ಕೊಟ್ಟೆ. ವಿಮಾನದ ಹಾಗೆ ಸದ್ದು ಮಾಡಿತು. ಮತ್ತೆ ಹೊಗೆ. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ.

ಕೈಡ್ರಿಲ್ಲಿನ ಮೋಟರು ಮಿಕ್ಸಿಯಲ್ಲಿ ಇರುವಂಥದ್ದು, ಕಾರ್ಬನ್ ಇರುವ ಜಾತಿ. ಅದಕ್ಕೆ ನಮ್ಮ 50 ಸೈಕಲ್ ಆದರೂ ಅವರ 60 ಸೈಕಲ್ ಆದರೂ ತೊಂದರೆ ಇಲ್ಲ. ಆದರೆ 120 ವೋಲ್ಟಿನದ್ದಕ್ಕೆ 230 ಕೊಟ್ಟರೆ ವೇಗವೂ ಬಿಸಿಯೂ ಮಿತಿ ಮೀರುತ್ತದೆ. ಬೆಂಚ್ ಗ್ರೈಂಡರಿನಂಥ, ಪಂಪಿನ ಜಾತಿಯ ಇಂಡಕ್ಷನ್ ಮೋಟರಾದರೆ ವೋಲ್ಟ್ ಇಳಿಸಿದರೂ ಸಾಲದು. 50 ಸೈಕಲಿನಲ್ಲಿ ಅದರ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, ಬಿಸಿಯೂ ಆಗುತ್ತದೆ. ಅದನ್ನು ತರಲೇಬಾರದು. ಕೈಡ್ರಿಲ್ ತಂದರೆ 230ರಿಂದ 110–120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ತಗಡಿನಲ್ಲಿ 7 ಆಂಪಿಯರ್ ಇದ್ದರೆ 7 ಗುಣಿಸು 120, ಅಂದರೆ 840 ವಾಟ್. ಟ್ರಾನ್ಸ್‌ಫಾರ್ಮರ್ ಅದರ ಒಂದೂವರೆ ಪಾಲು ಇರಲಿ. ಬ್ಯಾಟರಿಯದ್ದಾದರೆ ಡ್ರಿಲ್ಲಿಗೆ ತೊಂದರೆ ಇಲ್ಲ, ಚಾರ್ಜರಿನ ಮೇಲೆ ‘100–240’ ಎಂದು ಇದೆಯೇ ನೋಡಿ. 120 ಮಾತ್ರ ಇದ್ದರೆ ಅದಕ್ಕೂ ನನ್ನ ಡ್ರಿಲ್ಲಿನ ಗತಿಯೇ.

ವೈಂಡಿಂಗ್ ಅಂಗಡಿಯವ ಬಿಚ್ಚಿದ್ದು ಇದನ್ನೇ. ಒಳಗೆ ಎರಡು ಬದಿ ಬೇರಿಂಗ್, ಉಕ್ಕಿನ ಗೇರ್, ಅಲ್ಯುಮಿನಿಯಂ ಪೆಟ್ಟಿಗೆ. ಆರ್ಮೇಚರ್, ಕಾಯಿಲ್ ಮಾತ್ರ ಕರಿ. “ಮಾಲು ಒಳ್ಳೆದೇ ಇತ್ತು ಅಣ್ಣಾ, ಕೊಂದದ್ದು ನೀವು” ಎಂದ. ಮರುವೈಂಡಿಂಗ್ ಮಾಡಬಹುದಿತ್ತು, ಹೊಸ ಡ್ರಿಲ್ಲಿನ ದರವೇ ಬೀಳುತ್ತಿತ್ತು. ಹಾಗೆಯೇ ಇಟ್ಟಿದ್ದೇನೆ. ಅಂಗಡಿಯ ಮಾಲು ಬೇರೆ ಎಂಬ ಮಾತಿಗೆ ಅದೇ ನನ್ನ ಉತ್ತರ.

ನಮ್ಮ ತೋಟದ ಲೆಕ್ಕ

ಈಗ ನಮ್ಮೂರಿಗೆ ಬರೋಣ. ಹುಲ್ಲು ಕತ್ತರಿಸುವ ಮಿಷನು, ಅಂದರೆ ಬ್ರಶ್ ಕಟ್ಟರ್, ಈಗ ಹೆಚ್ಚಿನ ಅಡಿಕೆ ತೋಟದವರಲ್ಲೂ ಇದೆ. ಇಲ್ಲಿ ಗೊಂದಲ ಇನ್ನೂ ಹೆಚ್ಚು, ಯಾಕೆಂದರೆ ಹೆಸರುಗಳು ನೂರಾರು.

ಕಡಿಮೆ ದರದ ಎರಡು ಸ್ಟ್ರೋಕಿನ ಮಿಷನಿನ ಎಂಜಿನ್ ಮೇಲೆ ಹುಡುಕಿದರೆ ‘1ಇ40ಎಫ್’ ಅಥವಾ ‘1ಇ44ಎಫ್’ ಎಂದು ಕೆತ್ತಿರುವುದು ಕಾಣುತ್ತದೆ. ಇದು ಚೀನಾದವರ ಗುರುತು. 1 ಎಂದರೆ ಒಂದು ಸಿಲಿಂಡರ್, ಇ ಎಂದರೆ ಎರಡು ಸ್ಟ್ರೋಕ್, 40 ಅಥವಾ 44 ಎಂದರೆ ಸಿಲಿಂಡರಿನ ಒಳವ್ಯಾಸ ಮಿಲಿಮೀಟರಿನಲ್ಲಿ, ಎಫ್ ಎಂದರೆ ಗಾಳಿಯಿಂದ ತಣಿಯುವುದು. ಪಿಸ್ಟನ್ನಿನ ಓಟ 34 ಮಿಲಿಮೀಟರ್ ಆದರೆ 40ರದ್ದು ಸುಮಾರು 43 ಸಿಸಿ, 44ರದ್ದು ಸುಮಾರು 52 ಸಿಸಿ. ಹಸುರು, ಕಿತ್ತಳೆ, ಕೆಂಪು, ಯಾವ ಬಣ್ಣ, ಯಾವ ಚೀಟಿ ಇದ್ದರೂ ಈ ಗುರುತು ಒಂದೇ ಆದರೆ ಮಿಷನಿನ ವಂಶ ಒಂದೇ. ನಮ್ಮ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ 14,000 ಹೇಳಿದ ಮಿಷನಿಗೂ ದೊಡ್ಡ ಮಳಿಗೆಯಲ್ಲಿ 7,800ಕ್ಕೆ ಸಿಕ್ಕಿದ್ದಕ್ಕೂ ಗುರುತು ಒಂದೇ ಇತ್ತು! ಪೇಟೆಯ ಅಂಗಡಿಯಲ್ಲಿ ಇದ್ದ ಮಾತ್ರಕ್ಕೆ ಒರಿಜಿನಲ್ ಆಗುವುದಿಲ್ಲ. ಇದರಲ್ಲಿ ಒಂದು ಲಾಭವೂ ಇದೆ. ವಂಶ ಒಂದೇ ಆದ ಕಾರಣ ಕಾರ್ಬ್ಯುರೇಟರ್, ಕಾಯಿಲ್, ಕ್ಲಚ್ಚು ಒಂದರದ್ದು ಇನ್ನೊಂದಕ್ಕೆ ಹೆಚ್ಚಾಗಿ ಹೊಂದುತ್ತದೆ.

ಆ 7,800ರದ್ದನ್ನು ನಾನು 2016ರಲ್ಲಿ ತಂದೆ. ಎರಡು ವರ್ಷದಲ್ಲಿ ಸುಮಾರು 130 ಗಂಟೆ ಓಡಿತು. ರಿಪೇರಿಗೆ 4,150 ಆಯಿತು. 2018ರ ಸೆಪ್ಟೆಂಬರಿನಲ್ಲಿ, ಕೊಯ್ಲಿನ ಮುಂಚಿನ ಹುಲ್ಲು ತೆಗೆಯುವ ಹೊತ್ತಿಗೆ, ನಿಂತೇಹೋಯಿತು. ಮಳಿಗೆಯವರಿಗೆ ಫೋನು ಮಾಡಿದರೆ ಬೆಂಗಳೂರಿಗೆ ಕಳಿಸಿ ಎಂದರು. ಕಳಿಸಿದೆ. 40 ದಿನ ಸುದ್ದಿ ಇಲ್ಲ. ಬುಡದಲ್ಲಿ ಮೊಣಕಾಲೆತ್ತರ ಹುಲ್ಲು. ಉದುರಿದ ಅಡಿಕೆ ಹೆಕ್ಕುವುದು ಹೇಗೆ? ಕೊನೆಗೆ ಇಬ್ಬರು ಆಳು, ಐದು ದಿನ, 600ರಂತೆ 6,000 ರೂಪಾಯಿ ಕೊಟ್ಟು ಕತ್ತಿಯಲ್ಲಿ ಸವರಿಸಿದೆ. ಅಷ್ಟರಲ್ಲಿ ಉದುರಿ ಹುಲ್ಲಿನಲ್ಲಿ ಹಾಳಾದದ್ದರ ಲೆಕ್ಕ ಇಟ್ಟಿಲ್ಲ.

ಆ ನವೆಂಬರಿನಲ್ಲಿ 24,500 ಕೊಟ್ಟು ಹತ್ತಿರದ ಡೀಲರನಿಂದ ಕಸುಬಿನ ದರ್ಜೆಯದ್ದನ್ನು ತಂದೆ. 2024ರ ಕೊನೆಯವರೆಗೆ 430 ಗಂಟೆ ಓಡಿದೆ. ರಿಪೇರಿ, ಬಿಡಿಭಾಗಕ್ಕೆ 5,600. ಪೆಟ್ರೋಲು, ಆಯಿಲ್ ಬಿಟ್ಟು ಲೆಕ್ಕ ಹೀಗೆ:

ಕಡಿಮೆಯದ್ದು: 7,800 + 4,150 = 11,950 ರೂ. 130 ಗಂಟೆಗೆ ಹಂಚಿದರೆ ಗಂಟೆಗೆ 92 ರೂ. ಆಳಿನ 6,000 ಸೇರಿಸಿದರೆ 138 ರೂ.

ಮೇಲಿನದ್ದು: 24,500 + 5,600 = 30,100 ರೂ. 430 ಗಂಟೆಗೆ ಹಂಚಿದರೆ ಗಂಟೆಗೆ 70 ರೂ. ಮಿಷನು ಇನ್ನೂ ಓಡುತ್ತಿದೆ.

ಗಮನಿಸಿ, ಮಿಷನಿನ ಗುಣದಿಂದ ಬಂದ ವ್ಯತ್ಯಾಸ ಗಂಟೆಗೆ 22 ರೂಪಾಯಿ. ರಿಪೇರಿಗೆ ಜನ ಇಲ್ಲದ್ದರಿಂದ ಬಂದ ವ್ಯತ್ಯಾಸ 46 ರೂಪಾಯಿ. ನನ್ನನ್ನು ಹೆಚ್ಚು ಸೋಲಿಸಿದ್ದು ಮಿಷನಲ್ಲ, ಆ 40 ದಿನ.

ದೊಡ್ಡ ಅಂಗಡಿಯಲ್ಲಿ ಇಲ್ಲದ್ದು

ಜರ್ಮನಿಯ ಸ್ಟಿಲ್ ಕಂಪೆನಿಯ ಗರಗಸ ಯಂತ್ರ ಅಮೇರಿಕದಲ್ಲಿ ಬಹಳ ಹೆಸರು ಮಾಡಿದೆ. ಅವರು ಹೋಂ ಡಿಪೋ, ಲೋವ್ಸ್ ಎರಡಕ್ಕೂ ಮಾಲು ಕೊಡುವುದಿಲ್ಲ. 2007ರ ಹೊತ್ತಿಗೆ ಇದನ್ನೇ ಪತ್ರಿಕೆಗಳಲ್ಲಿ ದೊಡ್ಡದಾಗಿ ಜಾಹೀರಾತು ಹಾಕಿದರು. ಮಾರಿದವನೇ ಜೋಡಿಸಿ, ಸ್ಟಾರ್ಟ್ ಮಾಡಿ ತೋರಿಸಿ, ರಿಪೇರಿಯನ್ನೂ ಮಾಡಿಕೊಡಬೇಕು ಎಂಬುದು ಅವರ ಪಟ್ಟು. ಹೀಗೆ ಡೀಲರನ ಮೂಲಕವೇ ಮಾರುವವರ ಮೇಲ್ಮೆ ಇರುವುದು ಉಕ್ಕಿನಲ್ಲಿ ಮಾತ್ರ ಅಲ್ಲ, ಡಬ್ಬಿಯೊಳಗೆ ಹಾಕಿ ಕಳಿಸಲಾಗದ ಆ ಕೆಲಸದಲ್ಲಿ.

ನನ್ನ ಡೀಲರ್ ಹೊಸ ಮಿಷನು ಕೊಡುವಾಗ ಮಾಡಿದ್ದು ಇಷ್ಟು: ಎದುರಿಗೇ ಆಯಿಲ್ ಬೆರೆಸಿದ. ಕೆಲವು ಮಿಷನಿಗೆ ಲೀಟರಿಗೆ 20 ಮಿಲಿ, ಅಂದರೆ 50ಕ್ಕೆ 1. ಕೆಲವಕ್ಕೆ 40 ಮಿಲಿ, 25ಕ್ಕೆ 1. ಪುಸ್ತಕದಲ್ಲಿ ಇದ್ದಷ್ಟೇ ಹಾಕಬೇಕು ಎಂದು ಗುರುತು ಹಾಕಿಕೊಟ್ಟ. ಬೆಲ್ಟನ್ನು ನನ್ನ ಸೊಂಟಕ್ಕೆ ಸರಿ ಮಾಡಿದ. ಗಾರ್ಡ್ ತೆಗೆದು ಓಡಿಸಬೇಡಿ, ಕಲ್ಲು ಸಿಡಿದರೆ ಕಣ್ಣು ಹೋಗುತ್ತದೆ ಎಂದ. ಎರಡು ತಿಂಗಳ ನಂತರ ಕೇಬಲ್ ತುಂಡಾದಾಗ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟ. ಇದಕ್ಕೆ ನಾನು ಹೆಚ್ಚು ಕೊಟ್ಟದ್ದು.

ಆ ಡೀಲರ್ 2022ರಲ್ಲಿ ಅಂಗಡಿ ಮುಚ್ಚಿದ. ಜನ ಬಂದು ಅವನಲ್ಲಿ ಮಿಷನು ಹಿಡಿದು, ತೂಗಿ, ಎಲ್ಲ ಕೇಳಿ ತಿಳಿದು, ಮನೆಗೆ ಹೋಗಿ ಮೊಬೈಲಿನಲ್ಲಿ 1,500 ಕಡಿಮೆಗೆ ತರಿಸುತ್ತಿದ್ದರು. ಕೆಟ್ಟಾಗ ಅವನ ಬಾಗಿಲಿಗೇ ಹೊತ್ತು ತರುತ್ತಿದ್ದರು. ರಿಪೇರಿಯ 200 ರೂಪಾಯಿಗೂ ಚರ್ಚೆ. ಈಗ ನನ್ನ ಮಿಷನಿಗೆ ಬಿಡಿಭಾಗ ಬೇಕಾದರೆ 38 ಕಿಲೋಮೀಟರ್ ಹೋಗಬೇಕು. ವೈಂಡಿಂಗ್ ಅಂಗಡಿಯವನ ಕಪಾಟಿನಲ್ಲೂ ಕಳೆದ ವರ್ಷದಿಂದ ಮೂರು ಮಿಷನು ಕೂತಿವೆ. ತರಿಸಿದವರಿಗೆ ಕಂಪೆನಿ ಎಲ್ಲಿ ಉಂಟೆಂದೇ ಗೊತ್ತಿಲ್ಲ. ದೊಡ್ಡ ಅಂಗಡಿಯ ಮಾಲು ಕಳಪೆ ಎಂದು ಬೈಯುತ್ತ ನಾವು ಅಲ್ಲಿಂದಲೇ ಕೊಂಡೆವು. ಹೋದದ್ದು ಹತ್ತಿರದ ಅಂಗಡಿ.

ಕೊಳ್ಳುವ ಮೊದಲು

ನನ್ನ ಅನುಭವದಿಂದ ಹೇಳುವುದಾದರೆ:

1. ದರ ಹೋಲಿಸುವ ಮೊದಲು ಮಾಡೆಲ್ ನಂಬರ್ ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ನಂಬರ್ ಒಂದೇ ಆದರೆ ಕಡಿಮೆಗೆ ಸಿಕ್ಕಲ್ಲಿ ಕೊಂಡರೂ ಮಾಲು ಅದೇ.

2. ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಎಂದು ಲೆಕ್ಕ ಹಾಕಿ. ಹತ್ತು ಹದಿನೈದು ಗಂಟೆಯ ಡ್ರಿಲ್ಲಿಗೆ ಕಸುಬಿನ ದರ್ಜೆ ದಂಡ. ಐವತ್ತು ಗಂಟೆ ದಾಟುವ ಬ್ರಶ್ ಕಟ್ಟರಿಗೆ ಮನೆಬಳಕೆಯ ದರ್ಜೆ ದಂಡ.

3. ಕೈಯಲ್ಲಿ ಹಿಡಿದು ನೋಡಿ. ಚಕ್ ಹಿಡಿದು ಅಲ್ಲಾಡಿಸಿ. ಹೊಸತರಲ್ಲೇ ಸಡಿಲ ಇದ್ದರೆ ಬಿಟ್ಟುಬಿಡಿ. ಕಾರ್ಬನ್ ಹೊರಗಿಂದ ತೆಗೆಯಲಿಕ್ಕೆ ಆಗುತ್ತದೆಯೇ ನೋಡಿ.

4. ಬಿಡಿಭಾಗದ ಪಟ್ಟಿ ಇದೆಯೇ ಕೇಳಿ. ಪಟ್ಟಿ ಇಲ್ಲದ ಮಿಷನು ಕೆಟ್ಟ ದಿನವೇ ಗುಜರಿ.

5. ಹೊರದೇಶದ್ದಾದರೆ ಡಬ್ಬಿಯ ಮೇಲೆ ಯಾವ ದೇಶದ್ದು, ಆಮದು ಮಾಡಿದವರು ಯಾರು, ವಿಳಾಸ ಏನು ಎಂದು ಅಚ್ಚು ಹಾಕಿರಲೇಬೇಕೆಂದು ನಮ್ಮಲ್ಲಿ ಕಾನೂನಿದೆ. ಅದಿಲ್ಲದ್ದನ್ನು ಮುಟ್ಟಬೇಡಿ.

6. ಕೆಟ್ಟರೆ ಬಿಚ್ಚುವವ ಯಾರು, ಎಷ್ಟು ದೂರದಲ್ಲಿ ಎಂದು ಮೊದಲೇ ತಿಳಿಯಿರಿ. ಹತ್ತಿರ ಇದ್ದರೆ ಅವನಲ್ಲಿ ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕೊಂಡರೂ ನಷ್ಟ ಇಲ್ಲ. ಆ ಸಾವಿರ ಮಿಷನಿನದ್ದಲ್ಲ, ಸೆಪ್ಟೆಂಬರಿನ 40 ದಿನದ್ದು.

ಅಳಿಯನಿಗೆ ಈ ಲೆಕ್ಕವೆಲ್ಲ ಫೋನಿನಲ್ಲಿ ಹೇಳಿದೆ. “ಹಾಗಾದ್ರೆ ಪಕ್ಕದ ಮನೆಯವ ಹೇಳಿದ್ದು ತಪ್ಪಾ ಮಾವ?” ಎಂದು ಕೇಳಿದರು. ಅರ್ಧ ತಪ್ಪು ಎಂದೆ. ಅವನು ಬೈದದ್ದು ಅಂಗಡಿಯನ್ನು, ಬೈಯಬೇಕಿದ್ದದ್ದು ನಂಬರ್ ಓದದೆ ಕೊಳ್ಳುವ ನಮ್ಮ ಅಭ್ಯಾಸವನ್ನು.

ನಿಮ್ಮಲ್ಲಿ ಹತ್ತು ವರ್ಷ ದಾಟಿದ ಬ್ರಶ್ ಕಟ್ಟರ್, ಗರಗಸ, ಡ್ರಿಲ್ ಏನಾದರೂ ಇದ್ದರೆ ಕೊಂಡ ದರ, ಓಡಿದ ಗಂಟೆ, ರಿಪೇರಿಯ ಖರ್ಚು ಮೂರನ್ನೂ ಸೇರಿಸಿ ಪತ್ರಿಕೆಗೆ ಬರೆದು ಕಳಿಸಿ. ಇಂಥ ಇಪ್ಪತ್ತು ಲೆಕ್ಕ ಒಟ್ಟಾದರೆ ಯಾವ ಜಾಹೀರಾತಿಗಿಂತಲೂ ಅದು ನಮಗೆ ಹೆಚ್ಚು ಉಪಕಾರ.